ಹಳದಿ ಮಾತ್ರೆ, ಹಸಿರು ಎಲೆ

ತ್ರಿಪ್ಲಿಕೇನ್, ಚೆನ್ನೈ
4 ಡಿಸೆಂಬರ್ 2024

ಪ್ರೀತಿಯ ಅತ್ತೆಗೆ,

ಕಾಲಿಗೆ ಬಿದ್ದೆ ಅಂತ ತಿಳ್ಕೊಳ್ಳಿ. ಹತ್ತನೇ ಕ್ಲಾಸು ಮುಗಿದ ಮೇಲೆ ನಾನು ಪೆನ್ನು ಹಿಡಿದದ್ದು ಟೇಬಲ್ಲಿನ ಆರ್ಡರ್ ಬರೆಯಲಿಕ್ಕೆ ಮಾತ್ರ. ಈಗ ಬಿಳಿ ಹಾಳೆ ಇಟ್ಟುಕೊಂಡು ಕೂತದ್ದು ನೋಡಿ ಹೋಟ್ಲಲ್ಲಿ ನನ್ನ ಜೊತೆ ಕೆಲಸ ಮಾಡುವ ಪ್ರವೀಣ "ಯಾರೋ ಅವಳು?" ಅಂತ ತಮಾಷೆ ಮಾಡ್ತಾ ಇದ್ದಾನೆ. ಎಂತ ಮಾಡುದು, ಶಿರ್ವದಲ್ಲಿ ಸಿಗ್ನಲ್ ಸರಿ ಇಲ್ಲ ಅಂತೀರಿ. ಮೊನ್ನೆ ನಾನು ಫೋನಲ್ಲಿ ಅರಿಶಿನ ಕಳಿಸ್ತೀರಾ ಅಂತ ಕೇಳಿದ್ದಕ್ಕೆ ನೀವು "ಹೌದು ಮಗಾ, ಇಲ್ಲಿ ಸಹ ಸೆಕೆ" ಅಂದ್ರಿ. ಅದಕ್ಕೇ ಪತ್ರ. ಬಾಯಲ್ಲಿ ತುಳು, ಕಾಗದದಲ್ಲಿ ಕನ್ನಡ, ತಪ್ಪಿದ್ರೆ ನಗಬೇಡಿ.

ವಿಷಯ ಎಂತ ಅಂದ್ರೆ, ನಮ್ಮ ಹಿತ್ತಲಿನ ಅರಿಶಿನ ಬೇಕು. ಅಂಗಡಿಯ ಪುಡಿ ಬೇಡ. ಇಲ್ಲಿಗೆ ಕಾಫಿಗೆ ಬರುವ ದಿನೇಶ್ ಅಂತ ಒಬ್ಬರು ಇದ್ದಾರೆ, ಮಂಡ್ಯ ಕಡೆಯವರು, ಮಾತ್ರೆ ಕಂಪನಿಯ ಬ್ಯಾಗ್ ಹಿಡ್ಕೊಂಡು ಡಾಕ್ಟರ ಬಾಗಿಲು ಕಾಯುವವರು. ಅವರು ಹೇಳಿದ್ರು, "ಗುರು, ಅರಿಶಿನದೊಳಗೆ ಕರ್ಕ್ಯುಮಿನ್ ಅಂತ ಐತೆ, ಅದೇ ಅದರ ಹಳದಿ. ಮಂಡಿ ನೋವು, ಊತ, ಮರೆವು, ಎಲ್ಲದಕ್ಕೂ ಒಳ್ಳೇದು. ಫಾರಿನ್ನಲ್ಲಿ ರಿಸರ್ಚ್ ಆಗ್ತಾ ಐತೆ" ಅಂತ. ಅದನ್ನು ಮಾತ್ರ ತೆಗೆದು ಮಾತ್ರೆ ಮಾಡಿದ್ದು ಸಹ ಉಂಟಂತೆ.

ಬೇಕಾದದ್ದು ನನಗೇ. ನನಗೆ ಈಗೀಗ ಮರೆವು ಜಾಸ್ತಿ.

ಮಾವ ಹುಷಾರಿದ್ದಾರೆ. ಒಲೆ ಬಿಟ್ಟು ಎರಡು ಮಾರು ಆಚೆ ಹೋಗುದಿಲ್ಲ, ಹೋದವರನ್ನು ಬೈಯುದು ಬಿಡುದಿಲ್ಲ. ಪತ್ರ ಬರೆದದ್ದು ಮಾವನಿಗೆ ಹೇಳಬೇಡಿ.

ನಿಮ್ಮ
ಸುಕೇಶ್


ಶಿರ್ವ
14 ಡಿಸೆಂಬರ್ 2024

ಪ್ರೀತಿಯ ಸುಕೇಶನಿಗೆ ಅತ್ತೆ ಚಂದ್ರಮತಿಯ ಆಶೀರ್ವಾದ.

ನಿನ್ನ ಅಕ್ಷರ ನೋಡಿ ಸಂತೋಷವಾಯಿತು. ದೋಸೆ ಹಿಟ್ಟು ಹಾರಿದ ಹಾಗೆ ಉಂಟು, ಆದರೂ ಓದಲಿಕ್ಕಾಯಿತು.

ನಿನಗೆ ಮರೆವಾ? ಏಳನೇ ಕ್ಲಾಸಿನಲ್ಲಿ ನಾನು ಹೊಡೆದದ್ದನ್ನು ಇವತ್ತಿಗೂ ಹೇಳಿಕೊಂಡು ತಿರುಗುವವನಿಗೆ ಮರೆವಾ! ಇಪ್ಪತ್ತೆರಡು ವರ್ಷದ ಹುಡುಗ ಗುಟ್ಟಾಗಿ ಊರಿನ ಅರಿಶಿನ ಕೇಳಿದರೆ ನಾನು ಎಂತ ಅಂದುಕೊಳ್ಳಬೇಕು? ಮುಖಕ್ಕೆ ಹಚ್ಚಿಕೊಳ್ಳುವವಳು ಯಾರು? ತಮಿಳರ ಹುಡುಗಿಯಾ? ಆದರೂ ತೊಂದರೆ ಇಲ್ಲ. ಮಾವನಿಗೆ ನಾನು ಹೇಳುತ್ತೇನೆ. ಅಡುಗೆಮನೆಯಲ್ಲಿ ನೀನು ಹೇಳಬೇಡ, ಅವರ ಕೈಯಲ್ಲಿ ಸಟ್ಟುಗ ಇರುತ್ತದೆ.

ನಮ್ಮ ಪ್ರಣಮ್ಯಾ ಉಡುಪಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳಲ್ಲ, ಅವಳಿಗೆ ನಿನ್ನ ಕಾಗದ ತೋರಿಸಿದೆ. "ಅಮ್ಮಾ, ಅದು ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರಿಮೆಣಸಿನ ಜೊತೆ ಕೊಟ್ಟರೆ ಸ್ವಲ್ಪ ಹೆಚ್ಚು ಸೇರುತ್ತದೆ. ಮಂಡಿ ನೋವಿಗೆ ಒಂದಿಷ್ಟು ಉಪಕಾರ ಅಂತ ಹೇಳುತ್ತಾರೆ. ಮರೆವು ಹೋಗುತ್ತದೆ ಅಂತ ಇನ್ನೂ ಯಾರೂ ಖಾತ್ರಿ ಮಾಡಲಿಲ್ಲ" ಎಂದಳು. ನನಗೆ ಅರ್ಥವಾದದ್ದು ಕರಿಮೆಣಸು ಮಾತ್ರ. ಅದನ್ನೂ ಕಳಿಸುತ್ತೇನೆ.

ಅರಿಶಿನ ಕೀಳುವ ಹೊತ್ತು ಇನ್ನೂ ಆಗಲಿಲ್ಲ. ಸಂಕ್ರಾಂತಿ ಕಳೆಯಲಿ.

ಹುಡುಗಿಯ ಹೆಸರು ಬರೆ.

ಅತ್ತೆ


ತ್ರಿಪ್ಲಿಕೇನ್
27 ಡಿಸೆಂಬರ್ 2024

ಅತ್ತೆ,

ಹುಡುಗಿ ಇಲ್ಲ. ಇದ್ದಿದ್ರೆ ಎಷ್ಟು ಚಂದ ಇತ್ತು.

ಸುಳ್ಳು ಬರೆದೆ. ಮರೆವು ನನಗಲ್ಲ, ಮಾವನಿಗೆ. ನೀವು ಗಾಬರಿ ಮಾಡ್ತೀರಿ ಅಂತ ಮುಚ್ಚಿಟ್ಟೆ.

ದೀಪಾವಳಿಗೆ ಇಲ್ಲಿ ಎಲ್ಲರಿಗೂ ಜ್ವರ ಬಂತು, ಮಾವನಿಗೂ ಬಂತು. ಅವರು ಎದ್ದು ಮತ್ತೆ ಒಲೆ ಮುಂದೆ ನಿಂತದ್ದೇ ಶುರುವಾಯ್ತು. ಒಂದು ದಿನ ಸಾಂಬಾರಿಗೆ ಅರಿಶಿನ ಎರಡು ಸಲ ಹಾಕಿದ್ರು. ಊಟ ಮಾಡಿ ಹೋದವರ ಬೆರಳೆಲ್ಲ ಮದುವೆ ಮನೆಯವರ ಹಾಗೆ ಹಳದಿ. ಇನ್ನೊಂದು ದಿನ ಸಾರಿಗೆ ಇಂಗೇ ಇಲ್ಲ. ಮೊನ್ನೆ ಹಾಲು ಅಡಿ ಹಿಡಿದು ವಾಸನೆ ಬೀದಿವರೆಗೆ ಬಂತು. ಮಾವ ಅದರ ಪಕ್ಕವೇ ನಿಂತು ಹಾಡು ಗುನುಗ್ತಾ ಕೊತ್ತಂಬರಿ ಹೆಚ್ಚುತ್ತಾ ಇದ್ರು. ನಾನು ಓಡಿ ಬಂದು ಇಳಿಸಿದೆ.

ನಮ್ಮಲ್ಲಿ ಯಾರೂ ಬಾಯಿಗೆ ಹಾಕಿ ನೋಡುದಿಲ್ಲ, ನಿಮಗೆ ಗೊತ್ತುಂಟಲ್ಲ. ಹೋಟ್ಲಿನ ಧಣಿ ರಘು ಭಟ್ರ ಅಪ್ಪನ ಕಾಲದ ಕಟ್ಟಳೆ ಅದು. ದೇವರ ಪಟದ ಮುಂದೆ ಇಡುವ ಮೊದಲು ನಾಲಿಗೆಗೆ ತಾಗಿಸುವ ಹಾಗಿಲ್ಲ. ಮಾವ ಹಬೆಗೆ ಮುಖ ಒಡ್ಡಿ, ಕಣ್ಣು ಮುಚ್ಚಿ, "ಉಪ್ಪು ಒಂಚೂರು" ಅಂತ ಹೇಳುದು, ಅದು ಸರಿಯೇ ಇರುದು. ಈಗಲೂ ಹಾಗೇ ಮುಖ ಒಡ್ತಾರೆ, ಕಣ್ಣು ಮುಚ್ತಾರೆ. ಆದ್ರೆ ಹಾಕಿದ್ದು ಯಾವುದು, ಬಿಟ್ಟದ್ದು ಯಾವುದು ಅಂತ ನೆನಪಿಲ್ಲ. ತಮಾಷೆ ಅಂದ್ರೆ ನಾನು ಚಿಕ್ಕವನಿದ್ದಾಗ ಓಡಿಹೋದ ಕಥೆ ಮಾತ್ರ ಒಂದಕ್ಷರ ಬಿಡದೆ ಹೇಳ್ತಾರೆ. ಹಳತು ಉಳೀತದೆ, ಹೊಸತು ಹೋಗ್ತದೆ ಅಂತ ದಿನೇಶ್ ಹೇಳಿದ್ರು.

ಧಣಿ ಮೊನ್ನೆ ಎಲ್ಲರ ಎದುರು ಅಂದ್ರು, "ಕಾಂತಪ್ಪ, ಯುಗಾದಿವರೆಗೆ ನೋಡುವ. ಮತ್ತೆ ನೀವು ಊರಿಗೆ ಹೋಗಿ ಆರಾಮ ಮಾಡಿ." ಮಾವ ತಿರುಗಿ ಸಾಂಬಾರು ಕಲಕಿದ್ರು. ಆಮೇಲೆ ನನ್ನ ಹತ್ರ ಮಾತ್ರ, "ಒಲೆ ಬಿಟ್ಟು ನಾನು ಎಲ್ಲಿ ನಿಲ್ಲುದೋ?" ಅಂದ್ರು. ಅತ್ತೆ, ಆ ಧ್ವನಿ ನಾನು ಯಾವತ್ತೂ ಕೇಳಿರಲಿಲ್ಲ.

ಕರ್ಕ್ಯುಮಿನ್ ಮಾತ್ರೆ ತಂದು ಕೊಡ್ತಾ ಇದ್ದೇನೆ. ಸುಮ್ಮನೆ ನುಂಗ್ತಾರೆ. ಯಾಕೆ, ಎಂತ ಅಂತ ಒಂದು ಪ್ರಶ್ನೆ ಇಲ್ಲ. ಅದೇ ನನಗೆ ಹೆದರಿಕೆ.

ಸುಕೇಶ್


ಶಿರ್ವ
20 ಜನವರಿ 2025

ಸುಕೇಶಾ,

ನಿನ್ನ ಕಾಗದ ಎರಡು ಸಲ ಓದಿದೆ. ನೀನು ಹೇಳಿದ್ದು ಒಳ್ಳೆಯದಾಯಿತು.

ಒಂದು ಮಾತು ಮಾತ್ರ ನನಗೆ ಸರಿ ಕೂಡುವುದಿಲ್ಲ. ಹೊಸತು ಮರೆಯುತ್ತದೆ ಎಂದೆಯಲ್ಲ. ಹೋದ ವಾರ ಪ್ರಣಮ್ಯಾಳ ಮೊಬೈಲಿಗೆ ನಿನ್ನ ಮಾವನ ಮೆಸೇಜು ಬಂದಿತ್ತು. ಬಾವಿಗೆ ಹೊಸ ಹಗ್ಗ ಹಾಕಿಸಿದಿರಾ, ಎಡಬದಿಯ ರಾಟೆ ಕಿರುಗುಟ್ಟುವುದು ನಿಂತಿತಾ ಅಂತ. ಆ ರಾಟೆಯ ಸುದ್ದಿ ನಾನು ಹೇಳಿದ್ದು ಡಿಸೆಂಬರಿನಲ್ಲಿ. ಮರೆಯುವವರು ರಾಟೆಯನ್ನು ನೆನಪಿಡುತ್ತಾರಾ?

ಇರಲಿ. ಅರಿಶಿನ ಕಿತ್ತೆವು, ಬೇಯಿಸಿದೆವು, ಅಂಗಳದಲ್ಲಿ ಒಣಗುತ್ತಾ ಉಂಟು. ಪುಡಿ ಮಾಡಿ ಕಟ್ಟು ಕಳಿಸುತ್ತೇನೆ, ಜೊತೆಗೆ ಕರಿಮೆಣಸು. ಕಟ್ಟನ್ನು ನೀನು ಬಿಚ್ಚಬೇಡ, ಅವರ ಕೈಗೆ ಕೊಡು. ಮೊದಲೆಲ್ಲ ನನ್ನ ಕಟ್ಟು ಬಂದರೆ ಬಾಗಿಲಲ್ಲೇ ನಿಂತು ಒಳಗೆ ಏನೇನುಂಟು ಅಂತ ಹೇಳುತ್ತಿದ್ದರು. ಈಗ ಎಂತ ಹೇಳುತ್ತಾರೆ, ನನಗೆ ಬರೆ. ಒಂದಕ್ಷರ ಬಿಡಬೇಡ.

ಅತ್ತೆ


ತ್ರಿಪ್ಲಿಕೇನ್
6 ಫೆಬ್ರವರಿ 2025

ಅತ್ತೆ, ಒಳ್ಳೇ ಸುದ್ದಿ!

ಕಟ್ಟು ಬಂತು. ನೀವು ಹೇಳಿದ ಹಾಗೇ ಬಿಚ್ಚದೆ ಮಾವನ ಕೈಗೆ ಕೊಟ್ಟೆ. ಅವರು ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದು, ಮುಖಕ್ಕೆ ಒತ್ತಿ, ಕಣ್ಣು ಮುಚ್ಚಿ ಅಂದ್ರು, "ಆಹಾ! ಅರಿಶಿನ ಎಲೆ. ನಿನ್ನ ಅತ್ತೆ ಎಲೆ ಹಾಕದೆ ಕಟ್ಟು ಕಟ್ಟಿದವಳೇ ಅಲ್ಲ." ಅಡುಗೆಮನೆಯವರೆಲ್ಲ ನೋಡ್ತಾ ನಿಂತಿದ್ರು. ಪ್ರವೀಣ ಶಿಳ್ಳೆ ಹೊಡೆದ. ನನ್ನ ಕಣ್ಣಲ್ಲಿ ನೀರೇ ಬಂತು. ಕಟ್ಟನ್ನು ಅವರ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ, ಯಾರೂ ಮುಟ್ಟುವ ಹಾಗಿಲ್ಲ.

ಮಾತ್ರೆ ಕೆಲಸ ಮಾಡ್ತಾ ಉಂಟು ಅತ್ತೆ! ಎಲ್ಲ ನೆನಪಾಗ್ತಾ ಉಂಟು!

ಇನ್ನೊಂದು. ವಡಪಳನಿಯಲ್ಲಿ ಸಿನಿಮಾ ಶೂಟಿಂಗಿಗೆ ಊಟ ಕೊಡುವವರು ಕರೀತಾ ಇದ್ದಾರೆ. ಊರೂರು ತಿರುಗುವ ಕೆಲಸ. ನನಗೆ ಗೊತ್ತುಂಟು, ನೀವು "ಮತ್ತೆ ಶುರುವಾಯ್ತಾ" ಅಂತೀರಿ. ಆದ್ರೆ ಮಾವ ಸರಿಯಾದ್ರೆ ನಾನು ಇಲ್ಲಿ ಇದ್ದು ಎಂತ ಮಾಡುದು?

ಸುಕೇಶ್


ಶಿರ್ವ
13 ಫೆಬ್ರವರಿ 2025

ಸುಕೇಶಾ,

ಕೂತುಕೊಂಡು ಓದು.

ಕಟ್ಟಿನಲ್ಲಿ ಎಲೆ ಇಲ್ಲ. ಈ ಹೊತ್ತಿನಲ್ಲಿ ಅರಿಶಿನದ ಎಲೆ ಎಲ್ಲಿಂದ ಬರಬೇಕು? ಗಿಡ ಒಣಗಿ ನೆಲಕ್ಕೆ ಮಲಗಿದ ಮೇಲೆ ತಾನೇ ಗಡ್ಡೆ ಕೀಳುವುದು. ಅವರು ಅದನ್ನು ಮರೆಯುವವರಲ್ಲ, ನಾನು ಎಲ್ಲಿಂದಾದರೂ ಒಂದು ಹಸಿರು ಎಲೆ ಹುಡುಕಿ ಹಾಕಿಯೇನು ಅಂತ ನಂಬಿದ್ದಾರೆ. ನಾನು ಹಾಕಿದ್ದು ಪುಡಿ, ಕರಿಮೆಣಸು. ಮತ್ತೆ ನಡುವಿನಲ್ಲಿ ಒಂದು ದೊಡ್ಡ ಉಂಡೆ ಇಂಗು, ಬೇಕೆಂತಲೇ. ಆ ಇಂಗು ಶಿರ್ವದ ಪೋಸ್ಟಾಫೀಸಿನಲ್ಲಿ ಎಲ್ಲರ ಮೂಗು ಮುಚ್ಚಿಸಿತು. ಅಡುಗೆಮನೆಯ ಇಂಗಿನ ನಡುವೆ ನಿನಗೆ ಅದು ಬೇರೆ ಅನಿಸಲಿಲ್ಲವೇನೋ, ಆದರೆ ಅವರ ಮೂಗಿನ ಕೆಳಗೇ ಇದ್ದದ್ದು ಅವರಿಗೆ ತಿಳಿಯಲಿಲ್ಲ.

ಅವರಿಗೆ ಮರೆವಿಲ್ಲ ಮಗಾ. ವಾಸನೆ ಬರುವುದಿಲ್ಲ.

ಅರಿಶಿನ ಎರಡು ಸಲ ಯಾಕೆ ಬಿತ್ತು? ಹಬೆಯಲ್ಲಿ ಸಿಗಲಿಲ್ಲ, ಹಾಕಿಲ್ಲ ಅಂದುಕೊಂಡರು. ಹಾಲು ಯಾಕೆ ಸೀದಿತು? ಕೊತ್ತಂಬರಿ ಹೆಚ್ಚುವವರಿಗೆ ಹಾಲಿನ ಸುದ್ದಿ ಹೇಳುವುದು ಮೂಗು ಒಂದೇ ಅಲ್ಲವಾ.

ಇದು ನನಗೆ ಹೇಗೆ ಹೊಳೆಯಿತು ಅಂತ ಕೇಳುತ್ತೀಯ. ಹೇಳುತ್ತೇನೆ. ಶಿರ್ವದಲ್ಲಿ ಸಿಗ್ನಲ್ ಬೇಕಾದಷ್ಟು ಉಂಟು. ನನಗೆ ಕಿವಿ ಕೇಳುವುದಿಲ್ಲ. ಎರಡು ವರ್ಷ ಆಯಿತು. ನಿನ್ನ ಮಾವ ವಿಡಿಯೋ ಫೋನಲ್ಲಿ ಮಾತಾಡುವಾಗ ನಾನು ಅವರ ತುಟಿ ನೋಡಿ, ನಗು ಬಂದಾಗ ನಗುತ್ತೇನೆ, ಸುಮ್ಮನಾದಾಗ "ಹೌದಾ" ಅನ್ನುತ್ತೇನೆ. ತಿಳಿಯದವರು ತಿಳಿದವರ ಹಾಗೆ ಮಾಡುವಾಗ ಸ್ವಲ್ಪ ಹೆಚ್ಚು ಮಾಡುತ್ತಾರೆ. ಎರಡೂ ಕೈಯಲ್ಲಿ ಹಿಡಿದು, ಮುಖಕ್ಕೆ ಒತ್ತಿ, "ಆಹಾ" ಅಂದರು ಎಂದು ಬರೆದೆಯಲ್ಲ, ಅಲ್ಲಿಯೇ ನನಗೆ ನಾನೇ ಕಂಡೆ. ಮೊದಲು ಅವರು ಕಟ್ಟನ್ನು ಮೂಸಿದವರೇ ಅಲ್ಲ. ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು.

ನನ್ನ ಕಿವಿಯ ವಿಷಯ ಅವರಿಗೆ ಹೇಳು. ನಾನು ಮೊದಲು ಹೇಳದೆ ಅವರು ಹೇಳಲಿಕ್ಕಿಲ್ಲ. ಡಾಕ್ಟರಿಗೆ ತೋರಿಸದೆ ಬಿಡಬೇಡ. ಆ ಮಾತ್ರೆಯ ವಿಷಯವೂ ಕೇಳು. ಅವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಉಂಟು, ಎರಡೂ ಒಟ್ಟಿಗೆ ಆಗುತ್ತದಾ ಅಂತ ಪ್ರಣಮ್ಯಾಳಿಗೆ ಚಿಂತೆ.

ಅತ್ತೆ


ತ್ರಿಪ್ಲಿಕೇನ್
5 ಮಾರ್ಚ್ 2025

ಅತ್ತೆ,

ಹೇಗೆ ಶುರು ಮಾಡುದು ಅಂತ ಗೊತ್ತಾಗದೆ ತಡ ಆಯ್ತು.

ಸಾಮಾನಿನ ಕೋಣೆಯಲ್ಲಿ ಮಾವ ಒಬ್ಬರೇ ಇದ್ದಾಗ ಹೋದೆ. ಇಂಗಿನ ಡಬ್ಬಿ ಮುಚ್ಚಳ ತೆಗೆದು, ಹಿಂದಿನಿಂದ ಅವರ ಕಣ್ಣು ಮುಚ್ಚಿ, ಮೂಗಿನ ಹತ್ರ ಹಿಡಿದೆ. "ಇದೆಂತ ಹೇಳಿ ಮಾವ." ಅವರು ನಕ್ಕರು, "ಮಂಗಾಟ ಬಿಡು" ಅಂದ್ರು. ನಾನು ಬಿಡಲಿಲ್ಲ. ಕೊನೆಗೆ ಮೆಲ್ಲ "ಜೀರಿಗೆ" ಅಂದ್ರು.

ನಾನು ಕೈ ತೆಗೆದೆ. ಅವರು ಡಬ್ಬಿ ನೋಡಿದ್ರು. ಅಕ್ಕಿ ಮೂಟೆ ಮೇಲೆ ಕೂತುಬಿಟ್ರು.

"ಜ್ವರ ಬಿಟ್ಟು ಹೋಯ್ತು, ಹೋಗುವಾಗ ಮೂಗನ್ನು ಹಿಡ್ಕೊಂಡು ಹೋಯ್ತು" ಅಂದ್ರು.

"ಹೇಳಬಾರದಿತ್ತಾ ಮಾವ? ನಾವೆಲ್ಲ ಮರೆವು ಅಂತ ತಿಳ್ಕೊಂಡೆವಲ್ಲ!"

"ಮರೆವು ಅಂದ್ರೆ ಜನ ಪಾಪ ಅಂತಾರೆ ಮಾರಾಯ. ಮೂಗಿಲ್ಲದ ಅಡುಗೆಯವ ಅಂದ್ರೆ ನಗ್ತಾರೆ."

"ಹಾಗಾದ್ರೆ ಆ ಮಾತ್ರೆ ಯಾಕೆ ನುಂಗಿದ್ರಿ?"

"ನೀನು ನೀರಿನ ಲೋಟ ಹಿಡ್ಕೊಂಡು ಎದುರು ನಿಲ್ತಾ ಇದ್ದಿ. ಒಂದು ಕಡೆ ನಿಲ್ಲದ ಹುಡುಗ ನಿಂತಿದ್ದಾನೆ, ಬೇಡ ಅಂದ್ರೆ ಓಡಿಹೋದಾನು ಅಂತ ನುಂಗಿದೆ."

ಅತ್ತೆ, ಆಗ ನಿಮ್ಮ ಕಿವಿಯ ವಿಷಯ ಹೇಳಿದೆ. ಮಾವ ತಲೆ ಎತ್ತಿದ್ರು. ಮತ್ತೆ, "ಹಾಗಾದ್ರೆ ನಾನು ಫೋನಲ್ಲಿ ಅವಳಿಗೆ ಹಾಡಿದ್ದೆಲ್ಲ?" ಅಂದ್ರು. ನಾನು "ಎಲ್ಲ ದಂಡ" ಅಂದೆ. ನಗಲಿಕ್ಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕೊನೆಗೆ ಟವೆಲಿನಲ್ಲಿ ಕಣ್ಣು ಒರೆಸ್ಕೊಂಡ್ರು, ನಗುವಿಗೋ ಎಂತಕ್ಕೋ. ಅವರು ನಿಮಗೆ ಹಾಡ್ತಾರೆ ಅಂತ ನೀವು ನನಗೆ ಯಾವತ್ತೂ ಹೇಳಲಿಲ್ಲ.

ಎಗ್ಮೋರಿನ ಹತ್ರ ಒಬ್ಬರು ಮೂಗಿನ ಡಾಕ್ಟರಮ್ಮ ನೋಡಿದ್ರು. ಜ್ವರದ ಮೇಲೆ ಹೀಗೆ ಆಗುದುಂಟಂತೆ. ದಿನಾ ಬೆಳಿಗ್ಗೆ, ಸಾಯಂಕಾಲ ನಾಲ್ಕು ಗಟ್ಟಿ ವಾಸನೆ ಮೂಸಬೇಕಂತೆ, ಅದು ಯಾವುದು ಅಂತ ಮನಸ್ಸಲ್ಲಿ ನೆನೆಸ್ಕೊಂಡು. ಮೂಗಿಗೆ ಮತ್ತೆ ಒಂದನೇ ಕ್ಲಾಸು! ತಿಂಗಳುಗಟ್ಟಲೆ ಆಗ್ತದಂತೆ. ಬರಬಹುದು, ಬಾರದೆಯೂ ಇರಬಹುದು ಅಂತ ಹೇಳಿಯೇ ಬಿಟ್ರು. ಕರ್ಕ್ಯುಮಿನ್ ಮಾತ್ರೆ ತೋರಿಸಿದೆ. "ತಂಬಿ, ಅರಿಶಿನ ಅಡುಗೆಗೆ ಹಾಕಿ ತಿನ್ನಿ, ಒಳ್ಳೇದು. ಇದರ ಬಗ್ಗೆ ಪರೀಕ್ಷೆಗಳು ಆಗ್ತಾ ಉಂಟು, ಅವು ಮುಗಿಯುವ ಮೊದಲೇ ಮಾರುವವರ ಮಾತು ಮುಗಿದಿರ್ತದೆ. ಸಕ್ಕರೆ ಮಾತ್ರೆ ತಗೊಳ್ಳುವವರು ಕೇಳದೆ ನುಂಗಬೇಡಿ" ಅಂದ್ರು. ನಿಲ್ಲಿಸಿದ್ದೇನೆ.

ಇನ್ನು ಧಣಿ. ಮಾವ ತಾನೇ ಹೋಗಿ ಹೇಳಿದ್ರು, ನಾನು ಬಾಗಿಲ ಹತ್ರ ನಿಂತಿದ್ದೆ. ಭಟ್ರು "ಮೂಗಿಲ್ಲದೆ ಹೇಗೆ ಕಾಂತಪ್ಪ?" ಅಂದ್ರು. ನನ್ನ ಬಾಯಿಗೆ ಎಂತ ಬಂತೋ, "ಕೈ ಮಾವಂದು, ಮೂಗು ನನ್ನದು" ಅಂದುಬಿಟ್ಟೆ. ಅವರು ನನ್ನನ್ನು ಕೆಳಗಿಂದ ಮೇಲೆ ನೋಡಿ, "ನೀನು ಒಂದು ಕಡೆ ನಿಲ್ಲುವವನಾ?" ಅಂದ್ರು. ಆದ್ರೂ ಯುಗಾದಿವರೆಗೆ ನೋಡುವ ಅಂದಿದ್ದಾರೆ.

ಈಗ ದಿನಾ ನಾನು ಹಬೆಗೆ ಮುಖ ಒಡ್ಡುದು. ಮಾವ ಕೇಳ್ತಾರೆ, "ಎಂತ ಬಂತು?" "ಇಂಗು ಬಂತು." "ಮತ್ತೆ?" "ಮೆಂತೆ." "ಅರಿಶಿನ?" "ಬಂತು." "ಹಸಿ ವಾಸನೆಯೋ, ಬೆಂದದ್ದೋ?" "ಹಸಿ." "ಹಾಗಾದ್ರೆ ಸುಮ್ಮನೆ ನಿಲ್ಲು, ಅದು ಹೋಗುವವರೆಗೆ." ಸುಮ್ಮನೆ ನಿಲ್ಲುದು ಎಷ್ಟು ಕಷ್ಟ ಅತ್ತೆ! ಅರಿಶಿನದ ಹಸಿ ವಾಸನೆ ಬೇರೆ, ಬೆಂದ ವಾಸನೆ ಬೇರೆ ಅಂತ ಇಷ್ಟು ದಿನ ಹೋಟ್ಲಲ್ಲಿ ಇದ್ದರೂ ನನಗೆ ಗೊತ್ತಿರಲಿಲ್ಲ. ಆ ಮಾತ್ರೆ ಮೂಸಿ ನೋಡಿದೆ. ಅದಕ್ಕೆ ವಾಸನೆಯೇ ಇಲ್ಲ.

ಸುಕೇಶ್


ಶಿರ್ವ
17 ಮಾರ್ಚ್ 2025

ಸುಕೇಶಾ,

ಹಾಡುತ್ತಾರೆ ಅಂತ ನನಗೂ ಗೊತ್ತಿರಲಿಲ್ಲ. ಫೋನಲ್ಲಿ ಬಾಯಿ ಅಷ್ಟುದ್ದ ತೆರೆಯುವುದು ಕಂಡು ಯಾರನ್ನೋ ಬೈಯುತ್ತಿದ್ದಾರೆ ಅಂದುಕೊಂಡು, ಸಮಾಧಾನ ಮಾಡಿಕೊಳ್ಳಿ ಅಂತ ಕೈ ತೋರಿಸುತ್ತಿದ್ದೆ.

ಮೂಸಲಿಕ್ಕೆ ಲವಂಗ, ಒಣಶುಂಠಿ, ಏಲಕ್ಕಿ, ನಿಂಬೆ ಎಲೆ ನಾಲ್ಕು ಡಬ್ಬಿಯಲ್ಲಿ ಕಳಿಸಿದ್ದೇನೆ. ನೀನು ಎದುರು ನಿಂತು ಮೂಸಿಸು, ಇಲ್ಲದಿದ್ದರೆ ಮೂಸಿದೆ ಅನ್ನುತ್ತಾರೆ. ಅರಿಶಿನ ಮತ್ತೆ ನೆಡುತ್ತೇವೆ. ಮಳೆ ಬಂದ ಮೇಲೆ ಎಲೆ ಬರುತ್ತದೆ.

ಅವರಿಗೆ ಹೇಳು: ಅವರು ಡಾಕ್ಟರ ಮಾತು ಕೇಳಿದರೆ ನಾನೂ ಕಿವಿಯ ಡಾಕ್ಟರ ಹತ್ತಿರ ಹೋಗುತ್ತೇನೆ. ಮೆಷಿನು ಹಾಕಿದರೆ ಮುದುಕಿ ಹಾಗೆ ಕಾಣುತ್ತೇನೆ ಅಂತ ಇಷ್ಟು ದಿನ ಹೋಗಲಿಲ್ಲ. ಇದನ್ನು ಮಾತ್ರ ಹೇಳಬೇಡ.

ಅತ್ತೆ


ತ್ರಿಪ್ಲಿಕೇನ್
30 ಜುಲೈ 2025

ಅತ್ತೆ,

ಇಷ್ಟು ತಿಂಗಳು ಬರೆಯದೆ ಇದ್ದದ್ದಕ್ಕೆ ಬೈಯಬೇಡಿ. ಬರೆಯುವಂತದ್ದು ಎಂತದೂ ಇರಲಿಲ್ಲ. ದಿನಾ ನಾಲ್ಕು ಡಬ್ಬಿ, ದಿನಾ "ಎಂತ ಬಂತು ಮಾವ?", ದಿನಾ "ಎಂತದೂ ಇಲ್ಲ." ಒಂದು ದಿನ ಡಬ್ಬಿ ಎಸೆದೇಬಿಟ್ರು, ಲವಂಗ ಎಲ್ಲ ಒಲೆ ಅಡಿಗೆ. ನಾನೇ ಹೆಕ್ಕಿದೆ. ಯುಗಾದಿ ಬಂತು, ಹೋಯ್ತು. ಧಣಿ ಆ ಮಾತು ಎತ್ತಲಿಲ್ಲ, ನಾವು ನೆನಪು ಮಾಡಲಿಲ್ಲ. ವಡಪಳನಿಯವರು ಮತ್ತೆ ಫೋನ್ ಮಾಡಿದ್ರು. ಬರುದಿಲ್ಲ ಅಂದೆ. ಯಾಕೆ ಅಂತ ಕೇಳಿದ್ರು. ಮೂಗು ಬಾಡಿಗೆಗೆ ಕೊಟ್ಟಿದ್ದೇನೆ ಅಂದೆ.

ನಿನ್ನೆ ನಾಗರ ಪಂಚಮಿ. ನಿಮ್ಮ ಎಲೆ ಕಟ್ಟು ಸರಿಯಾಗಿ ಹಿಂದಿನ ದಿನ ಬಂತು. ಮಾವ ತೊಳೆದು, ಒರೆಸಿ, ಹಿಟ್ಟು ಸವರಿ, ಬೆಲ್ಲ ಕಾಯಿ ಇಟ್ಟು, ಮಡಚಿ, ಕಡುಬು ಬೇಯಲಿಕ್ಕೆ ಇಟ್ರು. ಮುಚ್ಚಳ ತೆಗೆದಾಗ ನನಗೆ ನಮ್ಮ ಹಿತ್ತಲೇ ಎದ್ದು ಬಂದ ಹಾಗೆ ಆಯ್ತು. ಮಾವ ಸಹ ಅಭ್ಯಾಸಕ್ಕೆ ಮುಖ ಒಡ್ಡಿದ್ರು. ಒಡ್ಡಿದವರು ಹಿಂದೆ ಸರಿದ್ರು. ಮತ್ತೆ ಒಡ್ಡಿದ್ರು. ಮುಖ ಕಹಿ ಮಾಡಿದ್ರು.

"ಥೂ! ಇದೆಂತ ಸೀಮೆಎಣ್ಣೆ ವಾಸನೆ?"

ನಾನು ಮೂಸಿದೆ, ಪ್ರವೀಣ ಮೂಸಿದ, ಧಣಿ ಬಂದು ಮೂಸಿದ್ರು. ಚಿನ್ನದಂತ ಪರಿಮಳ. ಮಾವ ಮಾತ್ರ ಒಪ್ಪುದಿಲ್ಲ. "ನಿನ್ನ ಅತ್ತೆ ಸೀಮೆಎಣ್ಣೆ ಡಬ್ಬಿಯ ಹತ್ರ ಇಟ್ಟು ಕಟ್ಟಿದ್ದಾಳೆ! ಹಬ್ಬದ ಎಲೆ ಹಾಳು ಮಾಡಿದ್ದಾಳೆ!" ಬೈದದ್ದೇ ಬೈದದ್ದು. ಇನ್ನು ಇದೆಂತ ಹೊಸ ಕಾಯಿಲೆಯೋ ಅಂತ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ನಕ್ಕರು. ವಾಸನೆ ವಾಪಸ್ ಬರುವಾಗ ಕೆಲವರಿಗೆ ಮೊದಲು ಹೀಗೆ ತಪ್ಪಾಗಿಯೇ ಬರ್ತದಂತೆ. "ತಪ್ಪಾದ್ರೂ ಬಂತಲ್ಲಪ್ಪಾ, ದಿನಾ ಮೂಸಿಸು" ಅಂದ್ರು.

ನಾನು ಅಡುಗೆಮನೆ ನಡುವೆ ಕುಣಿದೆ. ಮಾವನಿಗೆ ಹೇಳಿದ್ರೆ ನಂಬುದಿಲ್ಲ, ಇವತ್ತೂ ನಿಮ್ಮ ಮೇಲೆ ಸಿಟ್ಟಲ್ಲೇ ಇದ್ದಾರೆ. ಫೋನ್ ಮಾಡಿ ಬೈತೇನೆ ಅಂತ ಹೊರಟಿದ್ದಾರೆ. ತುಟಿ ನೋಡಿ ತಪ್ಪು ತಿಳ್ಕೊಳ್ಳಬೇಡಿ, ಈ ಸಲ ಹಾಡಲ್ಲ.

ನಿಮ್ಮ
ಸುಕೇಶ್


ಶಿರ್ವ
7 ಆಗಸ್ಟ್ 2025

ಪ್ರೀತಿಯ ಸುಕೇಶನಿಗೆ,

ಫೋನು ಬಂತು. ಕಿವಿಗೆ ಮೆಷಿನು ಹಾಕಿಸಿ ಎರಡು ದಿನ ಆಗಿತ್ತು ಅಷ್ಟೆ. ಕಾಗೆ, ಮಿಕ್ಸಿ, ಪ್ರಣಮ್ಯಾಳ ಗೊಣಗು, ಎಲ್ಲ ಒಟ್ಟಿಗೆ ಬಂದು ತಲೆ ಚಿಟ್ಟು ಹಿಡಿದು, ತೆಗೆದು ಡಬ್ಬಿಯಲ್ಲಿ ಹಾಕುವವಳಿದ್ದೆ. ಆಗ ಅವರು.

"ನಿನಗೆ ಬುದ್ಧಿ ಉಂಟಾ? ಎಲೆಗೆ ಸೀಮೆಎಣ್ಣೆ ತಾಗಿದ್ದು ಗೊತ್ತಾಗಲಿಲ್ಲವಾ? ಎಷ್ಟು ವರ್ಷದಿಂದ ಕಟ್ಟು ಕಟ್ಟುತ್ತಿದ್ದಿ?" ಒಂದೊಂದು ಮಾತೂ ಕೇಳಿತು ಮಗಾ. ಅವರ ಧ್ವನಿ ಸ್ವಲ್ಪ ಒಡೆದಿದೆ. ಮೊದಲು ಹಾಗಿರಲಿಲ್ಲ.

ನಾನು ಎದುರುತ್ತರ ಕೊಡಲಿಲ್ಲ. ಮನೆಯಲ್ಲಿ ಸೀಮೆಎಣ್ಣೆ ಇಲ್ಲದೆ ಎಷ್ಟೋ ವರ್ಷವಾಯಿತು ಅಂತಲೂ ಹೇಳಲಿಲ್ಲ. "ಹೌದಾ?" ಅಂದೆ. "ಇನ್ನೊಂದು ಸಲ ಹೇಳಿ, ಸರಿ ಕೇಳಲಿಲ್ಲ" ಅಂದೆ. ಅವರು ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ, ಮೊದಲಿಂದ ಬೈದರು.

ಹಿತ್ತಲಿನಲ್ಲಿ ಎಲೆ ಸೊಂಟದೆತ್ತರ ಬಂದಿದೆ. ನಾಳೆ ಇನ್ನೊಂದು ಕಟ್ಟು ಕಳಿಸುತ್ತೇನೆ.

ಬೈಯಲಿ.

ನಿನ್ನ ಅತ್ತೆ
ಚಂದ್ರಮತಿ